ಮೂಸೆಗೆ ಹಾಕಿದ ಉಪ್ಪು

ಚೆನ್ನಾಗಿ ಬಂದದ್ದನ್ನು ಒಡೆದು ನೋಡುವುದು ಮೇಸ್ತ್ರಿಯ ಪದ್ಧತಿಯಾಗಿತ್ತು. ದಿನದ ಮೊದಲ ಎರಕ ಆರಿ ಗಟ್ಟಿಯಾದ ಮೇಲೆ ಅದಕ್ಕಂಟಿದ ಮರಳು ಕೊಡವಿ, ಬೆರಳಿನಿಂದ ಸವರಿ, ಬಾಗಿಲ ಹೊಸ್ತಿಲ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇ ಏಟು ಹಾಕುತ್ತಿದ್ದ. ಅದು ಬಗ್ಗುತ್ತಿರಲಿಲ್ಲ, ಟಣ್ಣೆಂದು ಎರಡು ಹೋಳಾಗುತ್ತಿತ್ತು. ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ, ಹೋಳುಗಳನ್ನು ಮತ್ತೆ ಕರಗಿಸುವ ರಾಶಿಗೆ ಎಸೆದು, ಆಮೇಲೆಯೇ ಉಳಿದ ಕಾಯಿಗಳನ್ನು, ಅಂದರೆ ಅಚ್ಚಿನಿಂದ ಬಂದ ಎರಕದ ತುಂಡುಗಳನ್ನು, ನನ್ನ ಲೇತಿಗೆ ಕಳಿಸುತ್ತಿದ್ದ. ಇಷ್ಟು ಕಷ್ಟಪಟ್ಟು ಹೊಯ್ದದ್ದನ್ನು ಒಡೆಯುತ್ತೀಯಲ್ಲ ಮಾರಾಯ ಎಂದು ಮೊದಮೊದಲು ನಾನು ಗೊಣಗುತ್ತಿದ್ದೆ. ಒಡೆಯದೆ ಒಳಗಿನದು ಕಾಣುವುದು ಹೇಗೆ ಎಂದು ಅವನ ವಾದ.

ಅವನ ಹೆಸರನ್ನು ಬರೆಯುವುದಿಲ್ಲ. ಬರೆದರೆ ಎಲ್ಲಿದ್ದರೂ ಅವನಿಗೆ ಸಿಟ್ಟು ಬರುತ್ತದೆ. ಸಿಟ್ಟು ಬರಿಸಿಕೊಳ್ಳುವುದರಲ್ಲಿ ಅವನು ನಮ್ಮ ಕಡೆಗೆಲ್ಲ ಎತ್ತಿದ ಕೈ. ಹೊನ್ನಾಳಿಯಲ್ಲಿ ಹೊಳೆಗೆ ಇಳಿಯುವ ದಾರಿಯಲ್ಲಿದ್ದ ಆ ಎರಕದ ಶೆಡ್ಡಿಗೆ ಎಪ್ಪತ್ತರ ದಶಕದಲ್ಲಿ ಬಂದವರೆಲ್ಲ ಅವನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಊರು ಜಗಳೂರು ತಾಲ್ಲೂಕಿನ ಸೊಕ್ಕೆ. ಹುಡುಗನಾಗಿದ್ದಾಗಲೇ ಹುಬ್ಬಳ್ಳಿ ಕಡೆ ಹೋಗಿ ಯಾರದೋ ಕೈಕೆಳಗೆ ಎರಕ ಕಲಿತು ಬಂದಿದ್ದ. ಆಳು ಸಣಕಲು. ಕೈ ಮೇಲೆ ಕೂದಲು ಎಂಬುದು ಇರಲೇ ಇಲ್ಲ, ಕುಲುಮೆಯ ಝಳಕ್ಕೆ ಸುಟ್ಟು ಹೋಗಿತ್ತು. ಟೀಗೆ ಸಕ್ಕರೆ ಕಮ್ಮಿಯಾದರೆ ಲೋಟ ತಿರುಗಿಸಿ ಕಳಿಸುತ್ತಿದ್ದ.

ನಾನು ಆ ಶೆಡ್ಡಿನ ಟರ್ನರ್. ಅವನು ಹೊಯ್ದದ್ದನ್ನು ಲೇತಿಗೆ ಕಟ್ಟಿ ಅಳತೆಗೆ ತರುವುದು ನನ್ನ ಕೆಲಸ. ಹಾಗಾಗಿ ನಮ್ಮಿಬ್ಬರದು ದಿನಬೆಳಗಾದರೆ ಜಗಳ. ಅವನು ಹೊಯ್ಯುತ್ತಿದ್ದುದು ಸಾಮಾನ್ಯ ಅಲ್ಯೂಮಿನಿಯಂ ಅಲ್ಲ. ಸವೆದ ಲಾರಿ, ಬಸ್ಸು, ಟ್ರ್ಯಾಕ್ಟರ್ ಪಿಸ್ಟನ್ನುಗಳನ್ನು ಗ್ಯಾರೇಜುಗಳಿಂದ ಆರಿಸಿ ತಂದು ಕರಗಿಸಿದ ಲೋಹ. ಅದರಲ್ಲಿ ಸಿಲಿಕಾನ್ ಜಾಸ್ತಿ. ಮೇಸ್ತ್ರಿ ಅದನ್ನು ಮರಳಿನ ಸತ್ವ ಎನ್ನುತ್ತಿದ್ದ, ತಪ್ಪೇನೂ ಅಲ್ಲ. ಆ ಸತ್ವ ನನ್ನ ಲೇತಿನ ಟೂಲುಗಳನ್ನು ತಿಂದು ಹಾಕುತ್ತಿತ್ತು. ಬೆಳಿಗ್ಗೆ ಸಾಣೆ ಹಿಡಿದ ಟೂಲು ಮಧ್ಯಾಹ್ನದ ಊಟದೊಳಗೆ ಮೊಂಡು. ನಾನು ಕೂಗಾಡಿದರೆ, ಟೂಲನ್ನೇ ತಿನ್ನೋ ಲೋಹ ಬಾವಿ ಪಂಪಿನ ಮಣ್ಣುನೀರಿಗೆ ಸವೀತೈತೇನೋ ಎಂದು ಕೇಳಿ ನನ್ನ ಬಾಯಿ ಮುಚ್ಚಿಸುತ್ತಿದ್ದ.

ಆ ಲೋಹವನ್ನು ಹೊಗಳಲು ಕುಳಿತರೆ ಅವನಿಗೆ ಹೊತ್ತು ಗೊತ್ತು ಇರುತ್ತಿರಲಿಲ್ಲ. ಕರಗಿದಾಗ ನೀರಿನಷ್ಟು ತೆಳ್ಳಗೆ ಹರಿಯುತ್ತದೆ, ಪಂಪಿನೊಳಗೆ ತಿರುಗಿ ನೀರೆತ್ತುವ ಇಂಪೆಲ್ಲರಿನ ರೆಕ್ಕೆ ಎಷ್ಟು ಸಪೂರವಿದ್ದರೂ ತುದಿಯವರೆಗೆ ತುಂಬಿಕೊಳ್ಳುತ್ತದೆ, ಆರುವಾಗ ಹೆಚ್ಚು ಕುಗ್ಗುವುದಿಲ್ಲ, ಇಂಜಿನ್ನಿನ ಬಿಸಿಗೆ ಹೆಚ್ಚು ಹಿಗ್ಗುವುದೂ ಇಲ್ಲ, ತುಕ್ಕು ಹಿಡಿಯುವುದಿಲ್ಲ, ಕಬ್ಬಿಣದ ಮುಂದೆ ಅದಕ್ಕೆ ತೂಕವೇ ಇಲ್ಲ. ಚನ್ನಗಿರಿಯ ಕಡೆಗೆ ಔಷಧಿ ಹೊಡೆಯುವ ಪಂಪಿನ ಭಾಗಗಳು, ಜಗಳೂರಿಗೆ ಡೀಸೆಲ್ ಪಂಪಿನ ಇಂಪೆಲ್ಲರು, ಶೇಂಗಾ ಸುಲಿಯುವ ಯಂತ್ರದ ಬಿಡಿಭಾಗಗಳು ನಮ್ಮಲ್ಲಿಂದಲೇ ಬಸ್ಸಿನ ಮೇಲೇರಿ ಹೋಗುತ್ತಿದ್ದವು. ಯಾರಾದರೂ ಮನೆಯ ತೂತುಬಿದ್ದ ಅನ್ನದ ಡಬರಿ ತಂದು ಇದನ್ನೂ ಸೇರಿಸಿಕೊಳ್ಳಿ ಎಂದರೆ ಮಾತ್ರ ಮುಖ ಸಿಂಡರಿಸುತ್ತಿದ್ದ. ಡಬರಿಯ ಅಲ್ಯೂಮಿನಿಯಂ ಮೆತ್ತನೆಯದು. ಎರಡೂ ಬೆಳ್ಳಗಿವೆ ಎಂದು ಬೆರೆಸಿ ಪಿಸ್ಟನ್ನು ಹೊಯ್ದರೆ ಅದು ಬಿಸಿಗೆ ಊದಿಕೊಂಡು ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ ಎಂದು ತಂದವರಿಗೆ ಪಾಠ ಶುರುವಾಗುತ್ತಿತ್ತು. ಅವರು ಡಬರಿ ಎತ್ತಿಕೊಂಡು ಹೋದರೂ ಪಾಠ ನಿಲ್ಲುತ್ತಿರಲಿಲ್ಲ.

ಅದರ ಕೆಟ್ಟ ಗುಣವನ್ನೂ ಅವನು ಮುಚ್ಚಿಡುತ್ತಿರಲಿಲ್ಲ. ಏಟು ಬೀಳುವ ಕಡೆ, ಭಾರ ಜಗ್ಗುವ ಕಡೆ ಅದನ್ನು ನಂಬುವಂತಿಲ್ಲ. ಒಮ್ಮೆ ಸೂರಗೊಂಡನಕೊಪ್ಪದ ಕಡೆಯ ಹಿಟ್ಟಿನ ಗಿರಣಿಯವನೊಬ್ಬ ಬಂದ. ಅವನ ಗಿರಣಿಗೆ ಮಾಡಿಕೊಟ್ಟಿದ್ದ ರಾಟೆಚಕ್ರ ಚೆನ್ನಾಗಿ ನಡೆಯುತ್ತಿತ್ತು. ಅದೇ ಖುಷಿಯಲ್ಲಿ, ಮೊಮ್ಮಗನ ತೊಟ್ಟಿಲಿಗೆ ಇದರಲ್ಲೇ ಬೆಳ್ಳಗೆ ಹೊಳೆಯುವ ಕೊಂಡಿ ಹೊಯ್ದುಕೊಡಿ ಎಂದು ಕೇಳಿದ. ಮೇಸ್ತ್ರಿ ಒಪ್ಪಲಿಲ್ಲ. ಕಬ್ಬಿಣ ಮುರಿಯುವ ಮುಂಚೆ ಬಗ್ಗಿ ಹೇಳುತ್ತದೆ, ಇದು ಹೇಳದೆ ಮುರಿಯುತ್ತದೆ, ಮಗುವಿನ ವಿಷಯ ಬೇಡ ಎಂದು ಅವನನ್ನು ಕಮ್ಮಾರರ ಸಾಲಿಗೆ ಕಳಿಸಿದ. ಹೀಗೆ ಬೇರೆಯವರ ಮಗುವಿನ ಬಗ್ಗೆ ಅಷ್ಟು ಎಚ್ಚರವಿದ್ದವನು ತನ್ನ ಮನೆಯವಳ ವಿಷಯದಲ್ಲಿ ಎಚ್ಚರ ತಪ್ಪಿದ.

ಅದು ಉಪ್ಪಿನ ವಿಷಯ. ಮೂಸೆಯಲ್ಲಿ ಲೋಹ ಕರಗಿ ಮೇಲೆ ಕೆನೆಗಟ್ಟಿದ ಮೇಲೆ ಮೇಸ್ತ್ರಿ ಕೆನೆ ತೆಗೆದು, ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆಯುತ್ತಿದ್ದ. ಅದನ್ನು ಮೂಸೆಗೆ ಮೂರು ಸುತ್ತು ನಿವಾಳಿಸಿ, ಬಾಯಲ್ಲಿ ಏನೋ ಮಣಮಣ ಅಂದು, ಉದ್ದ ಹಿಡಿಯ ತೂತಿನ ಸೌಟಿನಲ್ಲಿಟ್ಟು ಲೋಹದ ತಳದವರೆಗೆ ಅದುಮುತ್ತಿದ್ದ. ಹೊಗೆ ಏಳುತ್ತಿತ್ತು. ಅಲ್ಲಿಂದ ಮುಂದೆ ಯಾರೂ ಮಾತಾಡುವಂತಿಲ್ಲ, ತಡ ಮಾಡುವಂತಿಲ್ಲ, ಬೇಗ ಬೇಗ ಅಚ್ಚುಗಳಿಗೆ ಹೊಯ್ದು ಮುಗಿಸಬೇಕು. ನೋಡಿದವರಿಗೆ ಇದು ದೃಷ್ಟಿ ತೆಗೆಯುವುದೆಂದು ಬೇರೆ ಹೇಳಬೇಕಾಗಿರಲಿಲ್ಲ. ನಮ್ಮ ಕಡೆ ಮಗುವಿಗೆ, ಎಮ್ಮೆಗೆ, ಹೊಸ ಸೊಸೆಗೆ ಉಪ್ಪು ನಿವಾಳಿಸಿ ಒಲೆಗೆ ಹಾಕದ ಮನೆ ಯಾವುದು? ಶೆಡ್ಡಿನ ಮಾಲೀಕರು ಎಣ್ಣೆಕಾಳು ವ್ಯಾಪಾರದ ಮನೆತನದವರು, ದಿನಾ ಲಿಂಗಪೂಜೆ ಮಾಡಿ ಹಣೆ ತುಂಬ ವಿಭೂತಿ ಬಳಿದುಕೊಂಡು ಬರುವವರು. ನಮ್ಮ ಮೇಸ್ತ್ರಿ ದೈವ ಬಲ್ಲವನು ಎಂದು ಅವರೇ ಬಂದವರಿಗೆ ಹೇಳುತ್ತಿದ್ದರು. ಮೇಸ್ತ್ರಿ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ನನಗೆ ಅನುಮಾನವಿತ್ತು. ಆದರೆ ಎರಕದವನ ಪೊಟ್ಟಣಕ್ಕೆ ಟರ್ನರ್ ಕೈ ಹಾಕುವ ಪದ್ಧತಿ ನಮ್ಮ ಕಸುಬಿನಲ್ಲಿ ಇರಲಿಲ್ಲ.

ಪೊಟ್ಟಣದಲ್ಲಿ ಇದ್ದದ್ದು ಹುಬ್ಬಳ್ಳಿ ಕಡೆಯಿಂದ ತರಿಸುತ್ತಿದ್ದ ಒಂದು ರಾಸಾಯನಿಕದ ಪುಡಿ, ಜೊತೆಗೆ ಉಪ್ಪು. ಅದನ್ನು ಹಾಕದೆ ಹೊಯ್ದರೆ ಮರಳಿನ ಸತ್ವ ಒಳಗೆ ದಪ್ಪ ದಪ್ಪ ಹರಳುಗಟ್ಟುತ್ತದೆ, ಮುರಿದ ಜಾಗ ಕಲ್ಲುಸಕ್ಕರೆಯಂತೆ ಮಿಣುಗುತ್ತದೆ, ಕಾಯಿ ಪೆಡಸಾಗಿ ಸಣ್ಣ ಏಟಿಗೂ ಸೀಳುತ್ತದೆ. ಹಾಕಿ ಹೊಯ್ದರೆ ಹರಳು ನುಣ್ಣಗಾಗಿ ಕಾಯಿ ಗಟ್ಟಿ ಬರುತ್ತದೆ. ತಡ ಮಾಡಿದರೆ ಪುಡಿಯ ಗುಣ ಇಳಿದುಹೋಗುತ್ತದೆ, ಅದಕ್ಕೇ ಆ ಅವಸರ. ಅದಕ್ಕೇ ದಿನದ ಮೊದಲ ಕಾಯಿಯನ್ನು ಒಡೆಯುವುದೂ. ಇಷ್ಟೇ ಗುಟ್ಟು. ಇನ್ನೊಂದು ಮುಖ್ಯವಾದ ಮಾತಿತ್ತು. ಪುಡಿಯಲ್ಲಿ ಹನಿ ತೇವವೂ ಇರಬಾರದು. ನಾವು ಬರುವ ಮುಂಚೆ ಬೆಳಿಗ್ಗೆಯೇ ಬಂದು ಅವನು ಅದನ್ನು ಕಬ್ಬಿಣದ ತಗಡಿನ ಮೇಲೆ ಹುರಿದು ಇಟ್ಟುಕೊಳ್ಳುತ್ತಿದ್ದ. ನಿವಾಳಿಸುವುದನ್ನು ಎಲ್ಲರೂ ಕಂಡಿದ್ದೆವು, ಹುರಿಯುವುದನ್ನು ಒಬ್ಬರೂ ಕಂಡಿರಲಿಲ್ಲ.

ಒಂದು ಮಳೆಗಾಲ ಹುಬ್ಬಳ್ಳಿಯಿಂದ ಪುಡಿ ಬರಲಿಲ್ಲ. ಅದನ್ನು ಅವನು ಯಾರ ಹತ್ತಿರ ಹೇಳಿಕೊಳ್ಳಬೇಕು? ಪುಡಿ ಎಂಬುದೇ ಇಲ್ಲ ಎಂದು ಲೋಕ ನಂಬಿತ್ತು. ಬರೀ ಉಪ್ಪು ಹುರಿದು, ಅದೇ ನಿವಾಳಿಸಿ, ಅದೇ ಮಣಮಣ ಅಂದು ಹೊಯ್ದ. ಬೆಳಿಗ್ಗೆ ಒಡೆದು ನೋಡಿದರೆ ಒಳಗೆಲ್ಲ ಮಿಣುಗುವ ಹರಳು. ಜಗಳೂರಿನಿಂದ ಇಂಪೆಲ್ಲರಿಗೆ ಹೇಳಿದ್ದವರು ಬಂದು ಕೂತಿದ್ದರು, ಕಳಿಸದೆ ವಿಧಿಯಿರಲಿಲ್ಲ. ಕೆಲವು ನನ್ನ ಲೇತಿನ ಹಿಡಿತಕ್ಕೇ ಬಿರುಕು ಬಿಟ್ಟವು, ಕೆಲವು ಬಾವಿಯವರೆಗೆ ಹೋಗಿ ಒಡೆದು ವಾಪಸು ಬಂದವು. ಮಾಲೀಕರು ಮೊದಲು ಬೇಸರಪಟ್ಟರು, ಆಮೇಲೆ ಹರಿಹರದ ಕಡೆ ಒಬ್ಬ ಎರಕದವನಿದ್ದಾನಂತೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳತೊಡಗಿದರು. ಮೇಸ್ತ್ರಿ ಜಗಳ ಆಡುವುದನ್ನೇ ಬಿಟ್ಟ. ಸಕ್ಕರೆ ಕಮ್ಮಿಯಿದ್ದ ಟೀಯನ್ನೂ ಸುಮ್ಮನೆ ಕುಡಿದ. ಅದನ್ನು ನೋಡಿಯೇ ನನಗೆ ಭಯವಾಗಿದ್ದು.

ಮನೆಯಲ್ಲೂ ಹಾಗೇ ಇದ್ದನಂತೆ. ಅವನ ಹೆಂಡತಿ ದಿನಾ ಮಧ್ಯಾಹ್ನ ಬುತ್ತಿ ತರುತ್ತಿದ್ದಳು. ಉದ್ದನೆಯ, ಮಾತು ಕಡಿಮೆಯ ಹೆಂಗಸು. ನಮಗೂ ಒಂದಿಷ್ಟು ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತಿದ್ದಳು. ಗಂಡ ಬುತ್ತಿ ಬಿಚ್ಚದೆ ವಾಪಸು ಕಳಿಸುವುದು, ರಾತ್ರಿ ನಿದ್ದೆ ಮಾಡದಿರುವುದು ಇದನ್ನೆಲ್ಲ ಕಂಡು ಅವಳು ತನಗೆ ತಿಳಿದ ಹಾಗೆ ಲೆಕ್ಕ ಹಾಕಿದ್ದಳು. ಇವರಿಗೆ ಯಾರದೋ ಕೆಟ್ಟ ಕಣ್ಣು ಬಿದ್ದಿದೆ, ಇವರು ತೆಗೆಯುವ ದೃಷ್ಟಿ ಇವರಿಗೇ ಸಾಲುತ್ತಿಲ್ಲ, ತನಗೆ ತಾನೇ ಯಾರು ದೃಷ್ಟಿ ತೆಗೆದುಕೊಳ್ಳುತ್ತಾರೆ, ಮನೆಯವರು ತೆಗೆಯಬೇಕು. ಒಂದು ದಿನ ಅವನು ಮಲಗಿದ್ದಾಗ ಅಡುಗೆಮನೆಯ ಗಡಿಗೆಯಿಂದ ಕಲ್ಲುಪ್ಪು ತೆಗೆದು ಅವನಿಗೆ ನಿವಾಳಿಸಿ ಸೆರಗಿನ ತುದಿಗೆ ಕಟ್ಟಿಟ್ಟುಕೊಂಡಳು. ಮಳೆಗಾಲದ ಉಪ್ಪು ಹೇಗಿರುತ್ತದೆ ಎಂದು ಎಲ್ಲರಿಗೂ ಗೊತ್ತು, ಗಡಿಗೆಯಲ್ಲೇ ನೀರೊಡೆದಿರುತ್ತದೆ.

ಮಧ್ಯಾಹ್ನ ಬುತ್ತಿ ತಂದಾಗ ಮೇಸ್ತ್ರಿ ಅತ್ತ ತಿರುಗಿ ಮರಳಿನ ಅಚ್ಚು ಸರಿಮಾಡುತ್ತಿದ್ದ. ಮೂಸೆಯಲ್ಲಿ ಲೋಹ ಸಿದ್ಧವಾಗಿತ್ತು. ನಾನು ಲೇತಿನ ಮುಂದೆ ಬಗ್ಗಿದ್ದವನು ಯಾಕೋ ತಲೆ ಎತ್ತಿದೆ. ಅವಳು ಸೆರಗು ಬಿಚ್ಚಿ, ಮೂಸೆಗೆ ನಿವಾಳಿಸಿ, ಅವನು ಮಾಡುತ್ತಿದ್ದ ಹಾಗೆಯೇ ಉಪ್ಪನ್ನು ಸೌಟಿನಲ್ಲಿಟ್ಟು ತಳದವರೆಗೆ ಅದುಮುತ್ತಿದ್ದಳು. ದಿನಾ ಬುತ್ತಿ ತಂದಾಗ ನೋಡಿ ನೋಡಿ ಒಂದಿಷ್ಟೂ ತಪ್ಪದ ಹಾಗೆ ಕಲಿತಿದ್ದಳು. ಮೇಲೆ ಎರಚಿದ್ದರೆ ಚಟಪಟ ಅಂದು ಮುಗಿದುಹೋಗುತ್ತಿತ್ತೇನೋ. ಒಳಗೆ ಸಿಕ್ಕಿದ ತೇವ ಆವಿಯಾಗಿ ಲೋಹವನ್ನೇ ಎತ್ತಿ ಎಸೆಯಿತು. ನನಗೆ ಢಬ್ಬೆಂಬ ಸದ್ದು ಮಾತ್ರ ನೆನಪಿದೆ. ಛಾವಣಿಯ ತಗಡಿಗೆ ಅಂಟಿದ ಲೋಹದ ಹನಿಗಳು ಆ ಶೆಡ್ಡು ಕೀಳುವವರೆಗೂ ಅಲ್ಲೇ ಇದ್ದವು.

ಅವಳನ್ನು ಶಿವಮೊಗ್ಗದ ಆಸ್ಪತ್ರೆಗೆ ಸಾಗಿಸಿದೆವು. ಜೀವ ಉಳಿಯಿತು. ಬಲಗಣ್ಣು ಹೋಯಿತು, ಆ ಕಡೆಯ ಕೆನ್ನೆ, ಕೈ ಸುಟ್ಟು ಚರ್ಮ ಎಳೆದುಕೊಂಡಿತು. ಮೇಸ್ತ್ರಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅನ್ನ ಮುಟ್ಟಲಿಲ್ಲ. ಮನೆಯಿಂದ ನಾನು ಒಯ್ದದ್ದನ್ನು ಬಿಚ್ಚಿ ನೋಡುತ್ತಿದ್ದ, ಮತ್ತೆ ಕಟ್ಟಿಡುತ್ತಿದ್ದ. ನನಗೆ ಅವನನ್ನು ಹೊಡೆಯಬೇಕೆನಿಸುತ್ತಿತ್ತು, ತಬ್ಬಿಕೊಳ್ಳಬೇಕೆಂದೂ ಅನಿಸುತ್ತಿತ್ತು. ಎರಡನ್ನೂ ಮಾಡದೆ ಪಕ್ಕದಲ್ಲಿ ಬೀಡಿ ಸೇದುತ್ತ ಕೂತಿರುತ್ತಿದ್ದೆ.

ಮತ್ತೆ ಕೆಲಸಕ್ಕೆ ಬಂದ ದಿನ ಅವನು ಕುಲುಮೆ ಹೊತ್ತಿಸಲಿಲ್ಲ. ಅಷ್ಟರಲ್ಲಿ ಹುಬ್ಬಳ್ಳಿಯ ಪುಡಿ ಬಂದಿತ್ತು. ಡಬ್ಬಿಯನ್ನು ಎಲ್ಲರ ಮುಂದೆ ತಗಡಿನ ಮೇಲೆ ಸುರಿದ. ಮಾಲೀಕರು, ನಾನು, ಕಾಯಿ ಒಯ್ಯಲು ಬಂದಿದ್ದ ನ್ಯಾಮತಿಯ ಗಿರಾಕಿಗಳು ಎಲ್ಲ ನಿಂತಿದ್ದೆವು.

"ಇದು ದೃಷ್ಟಿ ಅಲ್ರಿ, ಮಂತ್ರಾನೂ ಅಲ್ಲ. ಇದೊಂದು ಪುಡಿ. ಲೋಹದ ಒಳಗಿನ ಹರಳು ಸಣ್ಣ ಮಾಡಾಕೆ ಹಾಕೋದು. ಹುರಿದು ಒಣಗಿಸದೆ ಹಾಕಿದ್ರೆ ಸಿಡೀತೈತೆ. ನಾನು ಬಾಯಾಗೆ ಅಂತಿದ್ದುದು ಏನೂ ಅಲ್ಲ. ಅಂಕೆ ಎಣಿಸ್ತಿದ್ದೆ, ಅಷ್ಟೇ."

ಮಾಲೀಕರು ಯಾಕಪ್ಪ ಹೀಗೆ ಮಾಡಿದೆ ಎಂದು ಕೇಳಿದರು. ಗುಟ್ಟು ತಿಳಿದಿದ್ದರೆ ನನ್ನನ್ನು ಇಟ್ಟುಕೊಳ್ಳುತ್ತಿದ್ದಿರಾ ಎಂದು ಅವನು ತಿರುಗಿ ಕೇಳಿದ. ಮುಂದೆ ಹರಿಹರದ ಕಡೆಯವನು ಬಂದ, ಅದೇ ಪುಡಿ ಹಾಕಿ ಚೆನ್ನಾಗಿಯೇ ಹೊಯ್ದ. ಮಾಲೀಕರನ್ನು ದೂರಿ ಪ್ರಯೋಜನವಿಲ್ಲ, ಶೆಡ್ಡು ನಡೆಯಬೇಕಿತ್ತು. ಮೇಸ್ತ್ರಿ ಹೆಂಡತಿಯನ್ನು ಕರೆದುಕೊಂಡು ಜಗಳೂರಿಗೆ ಹೋಗಿ ಇಂಜಿನ್ ರಿಪೇರಿಯ ಒಂದು ಗೂಡಂಗಡಿ ಸೇರಿದ. ಎರಕ ಮಾತ್ರ ಮತ್ತೆ ಮುಟ್ಟಲಿಲ್ಲ.

ಆದರೆ ಒಂದು ಕೆಲಸ ಮಾಡಿದ. ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಚನ್ನಗಿರಿ, ನ್ಯಾಮತಿ, ಹೊನ್ನಾಳಿ ಎಂದು ಲೋಹ ಕರಗಿಸುವವರು ಇರುವ ಕಡೆಗೆಲ್ಲ ಹೋಗಿ, ಕೇಳಿದವರಿಗೂ ಕೇಳದವರಿಗೂ ತನ್ನ ಗುಟ್ಟು ಹೇಳಿದ. ಯಾವ ಪುಡಿ, ಎಷ್ಟು, ಯಾವಾಗ, ಮುಖ್ಯವಾಗಿ ಹುರಿದು ಒಣಗಿಸುವುದು. ಬಾಗಿಲಲ್ಲಿ ನಿಂತು ಹೆಂಗಸರಿಗೂ ಹೇಳುತ್ತಿದ್ದನಂತೆ, ಮೂಸೆಗೆ ಮನೆಯ ಉಪ್ಪು ಹಾಕಬೇಡಿರಮ್ಮ ಎಂದು. ಕೆಲವರು ಇವನಿಗೆ ತಲೆ ಕೆಟ್ಟಿದೆ ಅಂದುಕೊಂಡರು. ಒಂದು ಕಾಲಕ್ಕೆ ಅಂಗಿಯ ಜೇಬಿನಲ್ಲಿ ಅಡಗಿಸಿಟ್ಟಿದ್ದನ್ನು ಹೀಗೆ ದಾರಿಯಲ್ಲಿ ಹೋಗುವವರಿಗೆಲ್ಲ ಹಂಚುತ್ತಾನಲ್ಲ ಎಂದು ನನಗೂ ವಿಚಿತ್ರ ಅನಿಸಿತ್ತು.

ಎಂಬತ್ತರ ದಶಕದಲ್ಲಿ ಒಮ್ಮೆ ಏನೋ ಕೆಲಸವಿದ್ದು ಜಗಳೂರಿಗೆ ಹೋದವನು ಅವನ ಮನೆಗೆ ಹೋದೆ. ಒಣ ಗಾಳಿ, ಬಾಗಿಲಿಗೇ ಶೇಂಗಾ ರಾಶಿ. ಇಬ್ಬರೂ ಕೂತು ಸುಲಿಯುತ್ತಿದ್ದರು. ಅವಳು ಎಡಗಣ್ಣಿಗೆ ಕಾಣುವ ಹಾಗೆ ಮುಖ ತಿರುಗಿಸಿ ನನ್ನ ಗುರುತು ಹಿಡಿದಳು. ಮೊದಲಿಗಿಂತ ಹೆಚ್ಚು ಮಾತಾಡುತ್ತಿದ್ದಳು. ಊಟಕ್ಕೆ ಬಡಿಸುತ್ತ, ನಾನು ಕೇಳದಿದ್ದರೂ ಆ ದಿನದ ಮಾತು ತೆಗೆದಳು.

"ಇವ್ರಿಗೆ ಬರಬೇಕಾಗಿದ್ದು ನನಗೆ ಬಂತು ನೋಡ್ರಿ. ಆ ಉಪ್ಪು ಹಾಕದೆ ಇದ್ದಿದ್ರೆ ಇವ್ರು ಇವತ್ತು ಇರ್ತಿರ್ಲಿಲ್ಲ. ಒಂದು ಕಣ್ಣು ಹೋದ್ರೆ ಹೋತು, ಗಂಡ ಉಳಕಂಡ."

ಮೇಸ್ತ್ರಿ ತಲೆ ತಗ್ಗಿಸಿ ರೊಟ್ಟಿ ಮುರಿದು ತಿಂದ. ಅವಳು ಇನ್ನೊಂದು ಹಾಕಿದಳು, ಅದನ್ನೂ ತಿಂದ. ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಬಂದಾಗ ನಾನು ತಡೆಯಲಾರದೆ ಕೇಳಿಬಿಟ್ಟೆ, ಊರೂರಿಗೆ ಹೇಳಿದ್ದನ್ನು ಅವಳಿಗೆ ಹೇಳಿಲ್ಲವೇನೋ ಎಂದು. ಅವನು ನಡೆಯುತ್ತಲೇ ಹೇಳಿದ.

"ಹೆಂಗೆ ಹೇಳ್ಲಪ್ಪ. ನನ್ನ ಸುಳ್ಳು ನಂಬಿ ಕಣ್ಣು ಕಳಕಂಡಳು. ಈಗ ಗಂಡನ್ನ ಉಳಿಸಿದೆ ಅಂತ ಒಂದು ಸಮಾಧಾನ ಐತೆ ಅವಳ ಹತ್ರ. ಅದನ್ನೂ ಕಿತ್ಕಳ್ಳಾಕೆ ಹೋಗ್ಲೇನು?"

ಬಸ್ಸು ಬಂತು, ಹತ್ತಿದೆ. ಕಿಟಕಿಯಿಂದ ನೋಡಿದರೆ ಅವನು ಆಗಲೇ ಬೆನ್ನು ತಿರುಗಿಸಿ ಹೊರಟಿದ್ದ. ಅದೇ ಅವನನ್ನು ನಾನು ಕೊನೆಯ ಸಲ ನೋಡಿದ್ದು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಜಗಳೂರಿನಿಂದ ಬರುವ ಬಸ್ಸಿನ ಕಂಡಕ್ಟರ್ ಒಬ್ಬ ಸುದ್ದಿ ತಂದ. ಎದೆನೋವು ಎಂದು ಕೂತವನು ಏಳಲೇ ಇಲ್ಲವಂತೆ. ನಾನು ಹೋಗುವ ಹೊತ್ತಿಗೆ ಮಣ್ಣು ಮುಗಿದಿತ್ತು. ಅವಳು ಬಾಗಿಲ ಪಕ್ಕ ಗೋಡೆಗೊರಗಿ ಕೂತಿದ್ದಳು. ಬಂದವರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋದ ಮೇಲೆ ನಾನೂ ಅವಳೂ ಉಳಿದೆವು. ದುಃಖದ ಮನೆಯಲ್ಲಿ ಏನಾದರೂ ಒಳ್ಳೆಯ ಮಾತು ಹೇಳಬೇಕಲ್ಲ. ನಿಮ್ಮ ಉಪ್ಪಿನ ಋಣದಿಂದ ಅವನು ಇಷ್ಟು ವರ್ಷ ಬದುಕಿದ ತಾಯಿ, ಅವತ್ತು ನೀವು ಅವನನ್ನು ಉಳಿಸಿಕೊಂಡಿರಿ ಎಂದೆ.

ಅವಳು ಮುಖ ತಿರುಗಿಸಿ ಎಡಗಣ್ಣಿನಿಂದ ನನ್ನನ್ನು ನೋಡಿದಳು. ನೀವೂ ಹಂಗೇ ಅಂತೀರಾ ಎಂದಳು. ಆಮೇಲೆ ನಿಧಾನವಾಗಿ ಹೇಳಿದಳು. ಉಪ್ಪಿಗೆ ನೀರೊಡೆದಿತ್ತು, ಅದಕ್ಕೇ ಸಿಡಿಯಿತು ಎಂಬುದು ಅವಳಿಗೆ ಆಸ್ಪತ್ರೆಯಲ್ಲಿದ್ದಾಗಲೇ ಗೊತ್ತಾಗಿತ್ತಂತೆ, ನೋಡಲು ಬಂದ ಹೊನ್ನಾಳಿಯ ಹೆಂಗಸರೇ ಹೇಳಿದ್ದರಂತೆ. ಪುಡಿಯ ವಿಷಯವೂ ಗೊತ್ತು, ಅವನು ಊರೂರಿಗೆ ಹೋಗಿ ಹೇಳುತ್ತಿದ್ದುದೂ ಗೊತ್ತು. ಹಾಗಿದ್ದರೆ ಮತ್ತೆ ಗಂಡನನ್ನು ಉಳಿಸಿದೆ ಎಂದು ಯಾಕೆ ಹೇಳುತ್ತಿದ್ದಿರಿ ಎಂದು ಕೇಳಿದೆ.

"ನಾ ಹಂಗಂದ್ರೆ ಊಟ ಮಾಡ್ತಿದ್ರು ರೀ. ಹಂಗೆ ಅನ್ನದಿದ್ದ ದಿನ ತಟ್ಟೆ ಮುಂದೆ ಸುಮ್ಕೆ ಕೂತಿರ್ತಿದ್ರು."

ಹೊರಗೆ ಯಾರೋ ಬಂದು ಇಣುಕಿ, ನಮ್ಮನ್ನು ಕಂಡು ಹಿಂದಕ್ಕೆ ಹೋದರು. ಅವಳು ಸುಟ್ಟ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಊರಿಗೆಲ್ಲ ಹೇಳ್ತಾರೆ, ಒಂದ್ ದಿನ ನನಗೂ ಹೇಳ್ತಾರೆ ಅಂತ ಕಾದೆ. ಹೇಳಿದ್ರೆ, ಹೋಗ್ಲಿ ಬಿಡ್ರಿ ಅನ್ನಾಕೆ ಕೂತಿದ್ದೆ ನಾನು. ಹೇಳ್ಲೇ ಇಲ್ಲ."